ಬಾಯಿ ತಪ್ಪಿದ ಮಾತಿಗೆ ಇಂಗ್ಲಿಷಿನ ಹೆಸರುಗಳು

ನಡೆಯುವವರು ಎಡವದೆ ಕುಳಿತವರು ಎಡವುವರೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಕಾಲಿನ ವಿಷಯದಲ್ಲಿ ಈ ಮಾತನ್ನು ಒಪ್ಪಿಕೊಳ್ಳುವ ನಾವು ನಾಲಗೆಯ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಎಡವಿ ಬಿದ್ದವನನ್ನು ಕೈಹಿಡಿದು ಎತ್ತುವ ನಾವೇ ಮಾತಿನಲ್ಲಿ ಎಡವಿದವನನ್ನು ನೋಡಿ ನಗುವೆವು. ಅದರಲ್ಲಿಯೂ ಆ ಮಾತು ಇಂಗ್ಲಿಷಿನದಾಗಿದ್ದರೆ ನಮ್ಮ ನಗೆಗೆ ಮಿತಿಯೇ ಇರುವುದಿಲ್ಲ. ಸ್ವಲ್ಪ ಕಾಲದ ಹಿಂದೆ ನಮ್ಮ ಕಣ್ಣೆದುರಿಗೆ ನಡೆದ ಒಂದು ಚಿಕ್ಕ ಪ್ರಸಂಗವು ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವಂತೆ ನಮ್ಮನ್ನು ಪ್ರೇರಿಸಿತು.

ಪರಿಚಿತರೊಬ್ಬರ ಮನೆಯಲ್ಲಿ ಅಂದು ಸಂಜೆ ನಾಲ್ಕಾರು ಜನ ಸೇರಿದ್ದೆವು. ಕನ್ನಡವನ್ನು ತಿಳಿಯದ ಹೊರನಾಡಿನ ಒಬ್ಬ ಮಹಿಳೆಯೂ ಅತಿಥಿಯಾಗಿ ಬಂದಿದ್ದರು. ಮನೆಯ ಮಗಳು, ಹನ್ನೆರಡು ಹದಿಮೂರು ವರ್ಷದ ಹುಡುಗಿ, ಆ ಮಹಿಳೆಯ ಪಕ್ಕದಲ್ಲಿ ಕುಳಿತು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಉತ್ಸಾಹದಿಂದ ಮಾತನಾಡುತ್ತಿದ್ದಳು. ತನ್ನ ತಾತನವರು ಬಂದವರಿಗೆ ಎಷ್ಟು ಆದರದಿಂದ ಉಪಚಾರ ಮಾಡುವರೆಂಬುದನ್ನು ಹೇಳಹೊರಟು, 'ಹಾಸ್ಪಿಟಬಲ್' ಎನ್ನಬೇಕಾದ ಕಡೆಯಲ್ಲಿ, 'ಮೈ ಗ್ರ್ಯಾಂಡ್‌ಫಾದರ್ ಈಸ್ ವೆರಿ ಹಾಸ್ಪಿಟಲ್' ಎಂದುಬಿಟ್ಟಳು. ಅತಿಥಿಯಾದವರು ನಗಲಿಲ್ಲ. ನಕ್ಕವರು ನಾವು. ಹುಡುಗಿಯ ಸೋದರಮಾವನವರಂತೂ, 'ತಾತನವರಲ್ಲಿ ಎಷ್ಟು ಹಾಸಿಗೆ ಇವೆಯಮ್ಮ?' ಎಂದು ಕೇಳಿ ಎಲ್ಲರನ್ನೂ ಇನ್ನಷ್ಟು ನಗಿಸಿದರು. ಹುಡುಗಿಯ ಮುಖ ಕೆಂಪಾಯಿತು. ಅವಳು ಮೆಲ್ಲನೆ ಎದ್ದು ಒಳಗೆ ಹೋದಳು.

ಇದಾಗಿ ಕಾಲು ಗಂಟೆಯಾಗಿರಬಹುದು. ಅದೇ ಸೋದರಮಾವನವರು ಅಡಿಗೆಮನೆಯ ಕಡೆಗೆ ತಿರುಗಿ, 'ಅಕ್ಕಾ, ಕುಡಿಯುವುದಕ್ಕೆ ಒಂದಿಷ್ಟು ನಿಸಿ ಬೀರು ಕೊಡು' ಎಂದರು. ಬಿಸಿ ನೀರು ಕೇಳಹೋಗಿ ಹೀಗಾಯಿತು. ಮತ್ತೆ ಎಲ್ಲರೂ ನಕ್ಕೆವು. ಅವರೂ ನಮಗಿಂತ ಹೆಚ್ಚಾಗಿ ನಕ್ಕರು. ಬಿಸಿ ನೀರು ಬಂದಿತು, ಮಾತು ಮರೆತುಹೋಯಿತು. ಆದರೆ ಹುಡುಗಿ ಆ ಸಂಜೆ ಮತ್ತೆ ಇಂಗ್ಲಿಷಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಕಾಫಿಯ ತಟ್ಟೆಯನ್ನು ತಂದಾಗಲೂ ತಲೆಯೆತ್ತಲಿಲ್ಲ.

ಎರಡೂ ಮಾತಿನ ತಪ್ಪುಗಳೇ. ಎರಡಕ್ಕೂ ನಗೆಯೇ ಬಂದಿತು. ಆದರೂ ಒಂದು ನಗೆ ಹಗುರವಾಗಿ ಹೋಯಿತು, ಇನ್ನೊಂದು ನಗೆ ಗಾಯಮಾಡಿತು. ಇದಕ್ಕೆ ಕಾರಣವೇನೆಂದು ಮನೆಗೆ ಹಿಂದಿರುಗುವಾಗ ಆಲೋಚಿಸಿದೆವು. ಆಗ ತೋರಿದುದಿಷ್ಟು: ಆ ಎರಡು ತಪ್ಪುಗಳು ಒಂದೇ ಜಾತಿಯವಲ್ಲ. ಯಾವ ಭಾಷೆಗಾಗಿ ಆ ಮಗು ನಾಚಿಕೊಂಡಿತೋ ಆ ಇಂಗ್ಲಿಷು ಭಾಷೆಯೇ ಮಾತಿನ ತಪ್ಪುಗಳಿಗೆ ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿದೆ. ಈ ಹೆಸರುಗಳನ್ನು ತಿಳಿದರೆ ಯಾವ ತಪ್ಪಿಗೆ ನಗಬಹುದು, ಯಾವುದನ್ನು ತಿದ್ದಬೇಕು, ಯಾವುದಕ್ಕೆ ಕ್ಷಮೆ ಕೇಳಬೇಕು ಎಂಬುದೂ ತಿಳಿಯುವುದು. ಆದುದರಿಂದ ಅವುಗಳನ್ನು ಒಂದೊಂದಾಗಿ ವಾಚಕರ ಮುಂದಿಡುವೆವು.

ಮೊದಲನೆಯದು 'ಸ್ಲಿಪ್ ಆಫ್ ದಿ ಟಂಗ್'. ಸ್ಲಿಪ್ ಎಂದರೆ ಜಾರುವುದು. ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಲ್ಯಾಪ್ಸಸ್ ಲಿಂಗ್ವೇ' ಎಂದು ಹೆಸರು. ಅಲ್ಲಿಯೂ ಜಾರುವುದೆಂದೇ ಅರ್ಥ. ನಾವು ಕನ್ನಡದಲ್ಲಿ 'ನಾಲಗೆ ಜಾರಿತು' ಎನ್ನುವೆವು. ಹೀಗೆ ದೂರದೂರದ ಜನರೆಲ್ಲರೂ ನಾಲಗೆಯ ತಪ್ಪನ್ನು ಕಾಲಿನ ತಪ್ಪಿಗೆ ಹೋಲಿಸಿರುವುದು ಸೋಜಿಗವಲ್ಲವೆ? ಈ ತಪ್ಪಿನ ಲಕ್ಷಣವೇನೆಂದರೆ, ಸರಿಯಾದ ಮಾತು ಯಾವುದೆಂದು ಆಡಿದವನಿಗೆ ಚೆನ್ನಾಗಿ ತಿಳಿದಿರುವುದು. ತಪ್ಪಿದೊಡನೆ ತಾನೇ ತಿದ್ದಿಕೊಳ್ಳುವನು. ಬರಹದಲ್ಲಿ ಹೀಗಾದರೆ ಅದು ಲೇಖನಿಯ ಜಾರಿಕೆ, 'ಸ್ಲಿಪ್ ಆಫ್ ದಿ ಪೆನ್'.

ನಾಲಗೆಯ ಜಾರಿಕೆಗಳಲ್ಲಿ ಬಹು ಪ್ರಸಿದ್ಧವಾದುದು 'ಸ್ಪೂನರಿಸಂ'. ಎರಡು ಪದಗಳ ಮೊದಲಿನ ಧ್ವನಿಗಳು ಒಂದರ ಸ್ಥಾನಕ್ಕೆ ಇನ್ನೊಂದು ಹೋಗಿ ಕುಳಿತರೆ ಅದಕ್ಕೆ ಈ ಹೆಸರು. 'ಬಿಸಿ ನೀರು' ಎಂಬುದು 'ನಿಸಿ ಬೀರು' ಆದುದೂ, 'ಕಡಲೆ ಬೇಳೆ'ಯು 'ಬಡಲೆ ಕೇಳೆ' ಆಗುವುದೂ ಈ ಜಾತಿಯವೇ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ 1903ರಿಂದ 1924ರ ವರೆಗೆ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ ಎಂಬ ಪಾದ್ರಿಯವರ ಹೆಸರಿನಿಂದ ಈ ಪದ ಹುಟ್ಟಿತು. ಅವರು 1844ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡರು. ಹುಟ್ಟಿನಿಂದ ಬಿಳಿಚು ಮೈಬಣ್ಣ, ಮಂದವಾದ ದೃಷ್ಟಿ; ಆದರೆ ಒಳ್ಳೆಯ ವಿದ್ವಾಂಸರು, ದಯಾಳುಗಳು. ರಾಣಿಯವರ ಆರೋಗ್ಯವನ್ನು ಕೋರಿ 'ಡಿಯರ್ ಓಲ್ಡ್ ಕ್ವೀನ್' ಎನ್ನಬೇಕಾದಾಗ ಅವರು 'ಕ್ವಿಯರ್ ಓಲ್ಡ್ ಡೀನ್' ಎಂದರೆಂದು, ಅಂದರೆ ಪ್ರಿಯ ವೃದ್ಧ ರಾಣಿಯನ್ನು ವಿಚಿತ್ರ ವೃದ್ಧ ಧರ್ಮಾಧಿಕಾರಿಯನ್ನಾಗಿ ಮಾಡಿದರೆಂದು, ಒಂದು ಕಥೆಯಿದೆ. ಇಂಥ ಕಥೆಗಳು ಅನೇಕ. ಆದರೆ ಇವುಗಳಲ್ಲಿ ಬಹುಪಾಲು ವಿದ್ಯಾರ್ಥಿಗಳೂ ಮಿತ್ರರೂ ವಿನೋದಕ್ಕಾಗಿ ಕಟ್ಟಿದವು. ಒಂದೆರಡು ಬಾರಿ ನಾಲಗೆ ತಪ್ಪಿದ ಸಜ್ಜನನೊಬ್ಬನ ಹೆಸರು ನಿಘಂಟಿನಲ್ಲಿ ತಪ್ಪಿಗೇ ಪರ್ಯಾಯವಾಗಿ ನಿಂತುಹೋಯಿತು. ಜನರ ನಗೆಗೆ ಎಷ್ಟು ಬಲವಿದೆಯೆಂಬುದಕ್ಕೆ ಇದೊಂದು ನಿದರ್ಶನ.

ನಾಲಗೆ ಹೇಗೆ ಬೇಕಾದರೂ ಜಾರುವುದೆಂದು ವಾಚಕರು ಭಾವಿಸಬಾರದು. ಜಾರಿಕೆಗೂ ನಿಯಮವುಂಟು. ವಿಯೆನ್ನಾದ ಭಾಷಾಶಾಸ್ತ್ರಜ್ಞ ರುಡಾಲ್ಫ್ ಮೆರಿಂಗರ್ ಎಂಬವರು ಕಾರ್ಲ್ ಮೇಯರ್ ಎಂಬವರೊಡನೆ ಸೇರಿ ಜನರು ಮಾತಿನಲ್ಲಿಯೂ ಓದಿನಲ್ಲಿಯೂ ಮಾಡಿದ ತಪ್ಪುಗಳನ್ನು ಕಲೆಹಾಕಿ 1895ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬಹುಕಾಲದ ಮೇಲೆ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ವಿಕ್ಟೋರಿಯಾ ಫ್ರಾಂಕಿನ್ ಎಂಬ ವಿದುಷಿಯು ಇಂಥ ಸಾವಿರಾರು ತಪ್ಪುಗಳನ್ನು ಸಂಗ್ರಹಿಸಿ, 1971ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವುಗಳ ಕ್ರಮವನ್ನು ತೋರಿಸಿದರು. ಆಕೆ ಕೊಟ್ಟ ಒಂದು ಉದಾಹರಣೆ ಬಹಳ ಸ್ವಾರಸ್ಯವಾಗಿದೆ. ಒಬ್ಬರು 'ಆನ್ ಈಟಿಂಗ್ ಮ್ಯಾರಥಾನ್' ಎನ್ನಹೋಗಿ 'ಎ ಮೀಟಿಂಗ್ ಆರಥಾನ್' ಎಂದರು. ಎರಡನೆಯ ಪದದ ಮಕಾರವು ಮೊದಲನೆಯ ಪದಕ್ಕೆ ಹಾರಿತು. ಹಾರಿದೊಡನೆ, ಸ್ವರದ ಹಿಂದೆ ಇರಬೇಕಾಗಿದ್ದ 'ಆನ್' ಎಂಬುದು ವ್ಯಂಜನದ ಹಿಂದೆ ಇರತಕ್ಕ 'ಎ' ಆಗಿ ತಾನೇ ಬದಲಾಯಿಸಿತು. ಅಂದರೆ ನಾಲಗೆ ತಪ್ಪಿದರೂ ವ್ಯಾಕರಣ ತಪ್ಪಲಿಲ್ಲ! ನಮ್ಮ 'ನಿಸಿ ಬೀರು' ಎಂಬುದನ್ನೇ ನೋಡಿರಿ. ಬಕಾರ ನಕಾರಗಳು ಮಾತ್ರ ಸ್ಥಳ ಬದಲಾಯಿಸಿದವು. ಹ್ರಸ್ವವೂ ದೀರ್ಘವೂ ತಮ್ಮ ತಮ್ಮ ಸ್ಥಾನದಲ್ಲಿಯೇ ನಿಂತವು. ಬಾಯಿ ತೆರೆಯುವುದಕ್ಕೆ ಮುಂಚೆಯೇ ಮನಸ್ಸು ಇಡೀ ವಾಕ್ಯವನ್ನು ಸಿದ್ಧಪಡಿಸಿಟ್ಟಿರುವುದರಿಂದಲೇ ಮುಂದೆ ಬರಬೇಕಾದ ಅಕ್ಷರವು ಅವಸರಪಟ್ಟು ಮೊದಲೇ ಬರುವುದು. ಆದಕಾರಣ ಇದು ಬುದ್ಧಿಯ ದೌರ್ಬಲ್ಯದ ಗುರುತಲ್ಲ. ಭಾಷೆಯನ್ನು ಚೆನ್ನಾಗಿ ಬಲ್ಲವನೇ ಹೀಗೆ ತಪ್ಪಬಲ್ಲನು. ತರೀಕೆರೆಯ ಏರಿಯ ಮೇಲಿನ ಕರಿ ಕುರಿಮರಿಗಳ ಮಾತನ್ನು ಬೇಗಬೇಗನೆ ಹೇಳಹೋಗಿ ನಾಲಗೆ ಹೊರಳಿಸಿಕೊಳ್ಳದ ಕನ್ನಡಿಗರು ಯಾರಿದ್ದಾರೆ? ಇಂಗ್ಲಿಷಿನಲ್ಲಿ ಇಂಥ ಮಾತುಗಳಿಗೆ 'ಟಂಗ್ ಟ್ವಿಸ್ಟರ್' ಎಂದು ಹೆಸರು.

ಇದೇ ಜಾರಿಕೆಗೆ ಇನ್ನೊಂದು ಹೆಸರು 'ಫ್ರಾಯ್ಡಿಯನ್ ಸ್ಲಿಪ್'. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಎಂಬವರು 1901ರಲ್ಲಿ ಪ್ರಕಟಿಸಿದ ನಿತ್ಯಜೀವನದ ತಪ್ಪುಗಳ ವಿವೇಚನೆಯಲ್ಲಿ, ನಾಲಗೆ ಸುಮ್ಮನೆ ಜಾರುವುದಿಲ್ಲ, ಒಳಗೆ ಅಡಗಿಸಿಟ್ಟ ಇಚ್ಛೆಯು ಅದನ್ನು ಜಾರಿಸುವುದು ಎಂದು ವಾದಿಸಿದರು. ಆಸ್ಟ್ರಿಯದ ಪ್ರತಿನಿಧಿಸಭೆಯ ಅಧ್ಯಕ್ಷರೊಬ್ಬರು ಸಭೆಯನ್ನು ಆರಂಭಿಸುವಾಗ 'ಸಭೆಯು ಮುಕ್ತಾಯವಾಯಿತು' ಎಂದು ಘೋಷಿಸಿಬಿಟ್ಟರಂತೆ. ಈ ಪ್ರಸಂಗವನ್ನು ಮೊದಲು ಬರೆದಿಟ್ಟವರು ಮೆರಿಂಗರರು. ವಿರುದ್ಧಾರ್ಥದ ಪದಗಳು ಮನಸ್ಸಿನಲ್ಲಿ ಒಂದಕ್ಕೊಂದು ಹತ್ತಿರವಿರುವುದರಿಂದ ಹೀಗಾಗುವುದೆಂದು ಅವರ ಅಭಿಪ್ರಾಯ. ಫ್ರಾಯ್ಡರಾದರೋ, ಆ ಸಭೆಯಿಂದ ಒಳ್ಳೆಯದೇನೂ ಆಗದೆಂದು ಅಧ್ಯಕ್ಷರಿಗೆ ತೋರಿತ್ತು, ಅದು ಬೇಗ ಮುಗಿದರೆ ಸಾಕೆಂಬ ಬಯಕೆಯೇ ಬಾಯಿಗೆ ಬಂದಿತು ಎಂದರು. ಒಂದೇ ತಪ್ಪು, ಎರಡು ವ್ಯಾಖ್ಯಾನ! ನಮ್ಮಲ್ಲಿಯೂ 'ಮನಸ್ಸಿನಲ್ಲಿದ್ದುದು ಬಾಯಿಗೆ ಬಂತು' ಎಂಬ ಮಾತುಂಟು. ಆದರೆ ಮನೆಯವರ ಪ್ರತಿಯೊಂದು ಬಾಯ್ತಪ್ಪಿನಲ್ಲಿಯೂ ಗೂಢಾರ್ಥವನ್ನು ಹುಡುಕುವುದು ಸಂಸಾರಕ್ಕೆ ಹಿತವಲ್ಲ. ಮುಂದೆ ಬಂದ ಸಂಶೋಧಕರು ಬಹುಪಾಲು ಜಾರಿಕೆಗಳನ್ನು ಯಾವ ಗುಪ್ತ ಇಚ್ಛೆಯ ನೆರವೂ ಇಲ್ಲದೆ, ಧ್ವನಿ ಮತ್ತು ಅರ್ಥಗಳ ಸಾಮೀಪ್ಯದಿಂದಲೇ ವಿವರಿಸಿದ್ದಾರೆ. ಅತ್ತೆಯವರು ಒಬ್ಬ ಸೊಸೆಯನ್ನು ಇನ್ನೊಬ್ಬ ಸೊಸೆಯ ಹೆಸರಿನಿಂದ ಕರೆದರೆ, ಅದಕ್ಕೆ ಪಕ್ಷಪಾತವೇ ಕಾರಣವೆಂದು ಹೇಳಬೇಕಾದುದಿಲ್ಲ.

ಮಾತು ತಪ್ಪದಿದ್ದರೂ ಹೊರಗೆ ಬಾರದೆ ಕಾಡುವ ಸ್ಥಿತಿಯೊಂದುಂಟು. 'ನಾಲಗೆಯ ತುದಿಯಲ್ಲಿದೆ, ನೆನಪಾಗುತ್ತಿಲ್ಲ' ಎಂದು ನಾವು ಹೇಳುವಂತೆಯೇ ಇಂಗ್ಲಿಷಿನವರೂ 'ಆನ್ ದಿ ಟಿಪ್ ಆಫ್ ದಿ ಟಂಗ್' ಎನ್ನುವರು. ಹಾರ್ವರ್ಡಿನ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಪಂಡಿತರು 1966ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ವಿದ್ಯಾರ್ಥಿಗಳಿಗೆ ಅಪರೂಪವಾದ ಪದಗಳ ಅರ್ಥವನ್ನು ಓದಿಹೇಳಿ ಪದವನ್ನು ಕೇಳಿದರು. ಪದವು ನಾಲಗೆಯ ತುದಿಯಲ್ಲಿದೆ ಎಂದವರು ಅನೇಕ ಸಲ ಅದರ ಮೊದಲಿನ ಅಕ್ಷರವನ್ನೂ ಅದರಲ್ಲಿ ಎಷ್ಟು ಉಚ್ಚಾರಾಂಶಗಳಿವೆಯೆಂಬುದನ್ನೂ ಸರಿಯಾಗಿ ಹೇಳಿದರು. ಆದ್ದರಿಂದ ವಯಸ್ಸಾದ ತಂದೆಯವರು ಹೆಸರೊಂದಕ್ಕಾಗಿ ತಡವರಿಸುವಾಗ 'ಮರೆತೇಹೋಯಿತೆ?' ಎಂದು ಹೀಗಳೆಯದೆ ಸ್ವಲ್ಪ ಕಾದರೆ, ಅದು ತಾನಾಗಿ ಬರುವುದುಂಟು.

ಇನ್ನು ಎರಡನೆಯ ಜಾತಿಯ ತಪ್ಪಿಗೆ ಬರೋಣ. ಇದರಲ್ಲಿ ಆಡಿದವನಿಗೆ ಸರಿಯಾದುದು ತಿಳಿದಿರುವುದಿಲ್ಲ, ಅಥವಾ ಅರ್ಧ ತಿಳಿದಿರುವುದು. ಒಂದು ಪದಕ್ಕೆ ಬದಲಾಗಿ ಅದರಂತೆಯೇ ಕೇಳಿಸುವ ಬೇರೊಂದು ಪದವನ್ನು ಬಳಸಿದರೆ ಅದು 'ಮ್ಯಾಲಪ್ರಾಪಿಸಂ'. ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್ ಎಂಬ ನಾಟಕಕಾರನು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬರೆದ 'ದಿ ರೈವಲ್ಸ್' ಎಂಬ ಪ್ರಹಸನವು 1775ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನಿನಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ಶ್ರೀಮತಿ ಮ್ಯಾಲಪ್ರಾಪ್ ಎಂಬ ಪಾತ್ರವುಂಟು. ಸಮಯಕ್ಕೆ ಒಪ್ಪದುದು ಎಂಬ ಅರ್ಥದ ಫ್ರೆಂಚ್ ನುಡಿಗಟ್ಟಿನಿಂದ ಆ ಹೆಸರನ್ನು ಕಟ್ಟಿದೆ. ಆಕೆಯ ಬಾಯಲ್ಲಿ ನೈಲ್ ನದಿಯ 'ಅಲಿಗೇಟರ್' ಎಂಬ ಮೊಸಳೆಯು 'ಅಲೆಗರಿ', ಅಂದರೆ ರೂಪಕಕಥೆ, ಆಗುವುದು. ಸೌಜನ್ಯದ ಶಿಖರವೆನ್ನುವುದಕ್ಕೆ 'ಪಿನಕಲ್' ಎನ್ನದೆ 'ಪೈನಾಪಲ್' ಎಂದು ಅನಾನಸು ಹಣ್ಣನ್ನು ತರುವಳು. ಶೆರಿಡನ್ನನಿಗಿಂತ ಮುಂಚೆಯೇ ಷೇಕ್ಸ್‌ಪಿಯರನು 'ಮಚ್ ಅಡೂ ಎಬೌಟ್ ನಥಿಂಗ್' ನಾಟಕದ ಡಾಗ್‌ಬೆರಿ ಎಂಬ ಕಾವಲುಗಾರನ ಬಾಯಲ್ಲಿ ಇಂಥ ಮಾತುಗಳನ್ನು ಇಟ್ಟಿದ್ದನು. ಇಲ್ಲಿ ಒಂದನ್ನು ಗಮನಿಸಬೇಕು. ಶ್ರೀಮತಿ ಮ್ಯಾಲಪ್ರಾಪಳನ್ನು ಕಂಡು ಪ್ರೇಕ್ಷಕರು ನಗುವುದಕ್ಕೆ ಆಕೆಯ ಅಜ್ಞಾನವೊಂದೇ ಕಾರಣವಲ್ಲ. ತಿಳಿಯದ ದೊಡ್ಡ ಪದಗಳಿಂದ ಇತರರನ್ನು ಬೆರಗುಗೊಳಿಸಬೇಕೆಂಬ ಆಕೆಯ ಜಂಬವೇ ನಗೆಗೆ ಗುರಿ. ನಮ್ಮ ಹುಡುಗಿಯಲ್ಲಿ ಜಂಬವೆಲ್ಲಿತ್ತು? ತನ್ನ ತಾತನನ್ನು ಹೊಗಳುವ ಪ್ರೀತಿ ಮಾತ್ರ ಇತ್ತು.

ವ್ಯಾಕರಣದ ತಪ್ಪಿಗೆ ಇಂಗ್ಲಿಷಿನಲ್ಲಿ 'ಸಾಲಿಸಿಸಂ' ಎಂಬ ಹಳೆಯ ಪದವಿದೆ. ಇಂದಿನ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ ಸೊಲೋಯಿ ಎಂಬ ಗ್ರೀಕರ ಪಟ್ಟಣವಿತ್ತು. ಅಲ್ಲಿನವರ ಗ್ರೀಕ್ ಭಾಷೆ ಕೆಟ್ಟುಹೋಗಿದೆಯೆಂದು ಅಥೆನ್ಸಿನವರು ಹಾಸ್ಯಮಾಡುತ್ತಿದ್ದರೆಂದೂ ಅದರಿಂದಲೇ ಈ ಪದ ಬಂದಿತೆಂದೂ ಪ್ರಾಚೀನರು ಹೇಳಿದ್ದಾರೆ. ಇನ್ನೊಂದೂರಿನ ಮಾತನ್ನು ನೋಡಿ ನಗುವ ಚಟ ಇಂದಿನದಲ್ಲವೆಂದಾಯಿತು. ಉಚ್ಚಾರಣೆ ತಪ್ಪಿದರೆ 'ಮಿಸ್‌ಪ್ರನನ್ಸಿಯೇಷನ್'. ಕ್ರಿಯಾಪದವು 'ಪ್ರನೌನ್ಸ್' ಎಂದಿರುವುದರಿಂದ ನಾಮಪದವನ್ನೂ 'ಪ್ರನೌನ್ಸಿಯೇಷನ್' ಎಂದು ಅನೇಕರು ಹೇಳುವರು. ಉಚ್ಚಾರದ ಪದವನ್ನೇ ತಪ್ಪಾಗಿ ಉಚ್ಚರಿಸುವ ಈ ವಿನೋದಕ್ಕೆ ಇಂಗ್ಲಿಷನ್ನು ತಾಯಿನುಡಿಯಾಗಿ ಪಡೆದವರೂ ಒಳಗಾಗುತ್ತಾರೆ.

ಮೇಲೆ ಹೇಳಿದ ಎರಡು ಜಾತಿಗಳ ಭೇದವನ್ನು ಸ್ಪಷ್ಟಪಡಿಸಿದವರು ಪಿಟ್ ಕಾರ್ಡರ್ ಎಂಬ ಇಂಗ್ಲಿಷು ವಿದ್ವಾಂಸರು. 1967ರಲ್ಲಿ ಬರೆದ ಲೇಖನವೊಂದರಲ್ಲಿ ಅವರು 'ಮಿಸ್ಟೇಕ್' ಎಂಬುದನ್ನೂ 'ಎರರ್' ಎಂಬುದನ್ನೂ ಬೇರ್ಪಡಿಸಿದರು. ಬಳಕೆಯಲ್ಲಿ ಈ ಎರಡೂ ತಪ್ಪು ಎಂಬ ಅರ್ಥವನ್ನೇ ಕೊಡುವುವು. ಕಾರ್ಡರರ ಮತದಂತೆ, ತಿಳಿದವನು ಆಯಾಸದಿಂದಲೋ ಅವಸರದಿಂದಲೋ ತಪ್ಪಿದರೆ ಅದು ಮಿಸ್ಟೇಕ್. ಕಲಿಯುತ್ತಿರುವವನು ಇನ್ನೂ ತಿಳಿಯದುದರಿಂದ ತಪ್ಪಿದರೆ ಅದು ಎರರ್. ಈ ಎರಡನೆಯ ತಪ್ಪಿನಲ್ಲಿ ಒಂದು ಕ್ರಮವಿರುವುದು. ಮಗು ಭಾಷೆಯ ನಿಯಮವನ್ನು ತಾನೇ ಊಹಿಸಿಕೊಳ್ಳುತ್ತಿರುವುದಕ್ಕೆ ಅದು ಸಾಕ್ಷಿ. ಇಂಗ್ಲಿಷರ ಮಕ್ಕಳೇ 'ವೆಂಟ್' ಎನ್ನುವುದಕ್ಕೆ 'ಗೋಡ್' ಎನ್ನುವುದುಂಟು. ಯಾರೂ ಆ ರೂಪವನ್ನು ಅವರಿಗೆ ಕಲಿಸಿರುವುದಿಲ್ಲ. ಇತರ ಕ್ರಿಯಾಪದಗಳನ್ನು ನೋಡಿ ತಾವೇ ಕಟ್ಟಿಕೊಂಡಿರುವರು. ಲ್ಯಾಟಿನ್ನಿನಲ್ಲಿ 'ಎರರ್' ಎಂಬುದರ ಮೂಲಾರ್ಥ ಅಲೆದಾಟ. ಹೊಸ ಊರಿಗೆ ಬಂದವನು ದಾರಿ ಹುಡುಕುತ್ತ ಅಲೆದರೆ ಯಾರಾದರೂ ನಗುವರೆ? ಕೈಮಾಡಿ ದಾರಿ ತೋರಿಸುವರು.

ಮೂರನೆಯ ಜಾತಿಯ ತಪ್ಪಿನಲ್ಲಿ ಪದವೂ ಸರಿ, ವ್ಯಾಕರಣವೂ ಸರಿ. ಸಮಯ ಮಾತ್ರ ತಪ್ಪು. ಇದಕ್ಕೆ 'ಗ್ಯಾಫ್' ಎಂದೂ 'ಫೋ ಪಾ' ಎಂದೂ ಹೆಸರು. ಎರಡೂ ಫ್ರೆಂಚಿನಿಂದ ಬಂದವು. ಎರಡನೆಯದಕ್ಕೆ ತಪ್ಪು ಹೆಜ್ಜೆ ಎಂದರ್ಥ. ಹೀಗೆ ಮಾತನಾಡಿದವನು ತನ್ನ ಕಾಲನ್ನು ತನ್ನ ಬಾಯೊಳಗೇ ಇಟ್ಟುಕೊಂಡನೆಂದು ಇಂಗ್ಲಿಷಿನವರು ಹಾಸ್ಯಮಾಡುವರು. ನಮ್ಮ ಮನೆಗಳಲ್ಲಿ ಈ ವಿಷಯದ ಎಚ್ಚರ ಬಹಳ. ದೀಪವನ್ನು ಆರಿಸು ಎನ್ನದೆ ದೀಪವನ್ನು ದೊಡ್ಡದು ಮಾಡು ಎನ್ನುವೆವು. ಯಾರ ಮನೆಯಿಂದಾದರೂ ಹೊರಡುವಾಗ 'ಹೋಗಿ ಬರುತ್ತೇನೆ' ಎನ್ನುವುದು ಶಿಷ್ಟಾಚಾರ. ಅದೇ ಮಾತನ್ನು ಸಾವಿನ ಮನೆಯಲ್ಲಿ ಆಡಿದರೆ ಅಪಚಾರ. ಇಲ್ಲಿ ವಿದ್ಯೆಯ ಕೊರತೆಯೂ ಇಲ್ಲ, ನಾಲಗೆಯ ದೋಷವೂ ಇಲ್ಲ. ಕೇಳುವವರ ಮನಸ್ಸನ್ನು ನೆನೆಯದ ದೋಷ. ಆ ಸಂಜೆ ನಿಜವಾದ ಗ್ಯಾಫ್ ಮಾಡಿದವರು ಯಾರೆಂದು ಆಲೋಚಿಸಿದರೆ, ಹುಡುಗಿಯಲ್ಲ; ಅತಿಥಿಯ ಮುಂದೆ ಮಗುವನ್ನು ನೋಡಿ ನಕ್ಕ ನಾವೇ ಎಂದು ಹೇಳಬೇಕಾಗುವುದು.

ತಪ್ಪುಗಳ ಪಟ್ಟಿಯಲ್ಲಿ ಸೇರಿಸಬಾರದುದೊಂದಿದೆ. ಉಗ್ಗುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ಯಾಮರ್' ಎಂದೂ 'ಸ್ಟಟರ್' ಎಂದೂ ಹೆಸರು. ಇದು ಅಜ್ಞಾನವೂ ಅಲ್ಲ, ಅಜಾಗರೂಕತೆಯೂ ಅಲ್ಲ. ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಗೆ ಉಗ್ಗು ಇತ್ತು. ಪಟ್ಟಕ್ಕೆ ಬರುವುದಕ್ಕೆ ಹತ್ತು ವರ್ಷ ಮುಂಚೆ, 1926ರಲ್ಲಿ, ಆಸ್ಟ್ರೇಲಿಯದ ಲಯೊನೆಲ್ ಲೋಗ್ ಎಂಬವರಲ್ಲಿ ಅಭ್ಯಾಸಕ್ಕೆ ತೊಡಗಿ, 1939ರ ಸೆಪ್ಟೆಂಬರ್ 3ರಂದು ಯುದ್ಧಾರಂಭದ ಸುದ್ದಿಯನ್ನು ರೇಡಿಯೋದಲ್ಲಿ ತನ್ನ ಪ್ರಜೆಗಳಿಗೆ ತಾನೇ ಹೇಳಿದನು. ಉಗ್ಗುವವರ ಮಾತನ್ನು ನಾವು ಅವಸರಪಟ್ಟು ಪೂರ್ತಿಮಾಡದೆ ಕೊನೆಯವರೆಗೆ ಕೇಳುವುದೇ ಅವರಿಗೆ ಸಲ್ಲತಕ್ಕ ಮರ್ಯಾದೆ.

ತಪ್ಪಿದ ಮೇಲೆ ಮಾಡತಕ್ಕದ್ದೇನು? ಅದಕ್ಕೂ ಇಂಗ್ಲಿಷಿನಲ್ಲಿ ಸಿದ್ಧವಾದ ಮಾತುಗಳಿವೆ. ಮಕ್ಕಳಿಗೆ ಇವನ್ನು ಕಲಿಸಿಕೊಟ್ಟರೆ ಅವರ ಅಂಜಿಕೆ ಅರ್ಧ ಹೋಗುವುದು. ಪದವೊಂದು ತಪ್ಪಿದಾಗ 'ಸಾರಿ, ಐ ಮೀನ್' ಎಂದು ಹೇಳಿ ಸರಿಯಾದುದನ್ನು ಹೇಳಬಹುದು. ವಾಕ್ಯವೇ ಸಿಕ್ಕುಬಿದ್ದರೆ 'ಲೆಟ್ ಮಿ ರೀಫ್ರೇಸ್ ದಟ್', ಬೇರೆ ರೀತಿಯಲ್ಲಿ ಹೇಳುತ್ತೇನೆ, ಎನ್ನಬಹುದು. ಇನ್ನೊಬ್ಬರು ತಿದ್ದಿದಾಗ 'ಐ ಸ್ಟ್ಯಾಂಡ್ ಕರೆಕ್ಟೆಡ್' ಎಂದರೆ ತಿದ್ದುಪಾಟನ್ನು ಗೌರವದಿಂದ ಒಪ್ಪಿಕೊಂಡಂತಾಯಿತು. ನೋವಾಗುವ ಮಾತನ್ನು ಆಡಿದ್ದರೆ 'ಐ ಟೇಕ್ ಇಟ್ ಬ್ಯಾಕ್', ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ, ಎನ್ನಬೇಕು. ಆದರೆ ಒಂದು ನುಡಿಗಟ್ಟಿನ ವಿಷಯದಲ್ಲಿ ಎಚ್ಚರವಿರಲಿ. ಕನ್ನಡದಲ್ಲಿ ಆಡಬಾರದುದನ್ನು ಆಡಿದ ಮೇಲೆ ನಾವು ನಾಲಗೆ ಕಚ್ಚಿಕೊಳ್ಳುವೆವು. ಇಂಗ್ಲಿಷಿನವರಾದರೋ ಮಾತು ಹೊರಗೆ ಬರುವುದಕ್ಕೆ ಮುಂಚೆಯೇ ನಾಲಗೆಯನ್ನು ಕಚ್ಚುವರು. 'ಬೈಟ್ ಯುವರ್ ಟಂಗ್' ಎಂದರೆ ಬಾಯಿಗೆ ಬಂದುದನ್ನು ಆಡದೆ ತಡೆದುಕೊಳ್ಳುವುದು ಎಂದರ್ಥ.

ಹೀಗೆ ಹೆಸರುಗಳು ಅನೇಕವಾದರೂ ಗೃಹಸ್ಥರು ನೆನಪಿನಲ್ಲಿಡತಕ್ಕ ಸಾರ ಸ್ವಲ್ಪವೇ. ತಿಳಿದವನ ನಾಲಗೆ ಜಾರಿದರೆ ಅವನೊಡನೆ ಕೂಡಿ ನಗಬಹುದು. ತಿಳಿಯದವನು ತಪ್ಪಿದರೆ ನಗದೆ ತಿಳಿಸಬೇಕು. ಸಮಯ ತಪ್ಪಿ ಮಾತನಾಡಿದವನು ತಾನೇ ಕ್ಷಮೆ ಕೇಳಬೇಕು. ತಿಳಿಸುವುದಕ್ಕೂ ಒಂದು ನಯವಿದೆ. 'ತಪ್ಪು' ಎನ್ನದೆಯೇ ತಿದ್ದಬಹುದು. ಅಂದು ನಮ್ಮಲ್ಲಿ ಯಾರಾದರೊಬ್ಬರು, 'ಹೌದು, ನಿಮ್ಮ ತಾತನವರು ಬಹಳ ಹಾಸ್ಪಿಟಬಲ್. ಅವರ ಮನೆಯ ಊಟವನ್ನು ನಾವೂ ಉಂಡಿದ್ದೇವೆ' ಎಂದಿದ್ದರೆ ಸಾಕಾಗಿತ್ತು. ಹುಡುಗಿಗೆ ಸರಿಯಾದ ಪದ ದೊರೆಯುತ್ತಿತ್ತು. ತಾತನ ಕಥೆಯೂ ಮುಂದುವರಿಯುತ್ತಿತ್ತು.

ಈ ಆಲೋಚನೆ ಬಂದ ಮರುವಾರ ನಾವು ಆ ಮನೆಗೆ ಮತ್ತೆ ಹೋದೆವು. ಹುಡುಗಿಯನ್ನು ಕರೆದು, ಅವಳ ಮಾವನವರ 'ನಿಸಿ ಬೀರು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವರೆಂದು ತಿಳಿಸಿ, ಆಕ್ಸ್‌ಫರ್ಡಿನ ಆ ಪಾದ್ರಿಯವರ ಕಥೆಯನ್ನು ಹೇಳಿದೆವು. ಅಂದು ನಕ್ಕುದು ನಮ್ಮ ತಪ್ಪೆಂಬುದನ್ನೂ ಒಪ್ಪಿಕೊಂಡೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ನಾನು ಹೇಳಿದ್ದಕ್ಕೆ ಏನು ಹೆಸರು?' ಎಂದು ಕೇಳಿದಳು. 'ಕಲಿಯುತ್ತಿರುವುದು ಎಂದು ಹೆಸರು, ಅಮ್ಮ' ಎಂದೆವು. ಕಾಫಿ ಕೊಡುವಾಗ ಅವಳು, 'ಮೈ ಗ್ರ್ಯಾಂಡ್‌ಫಾದರ್ ಈಸ್ ಹಾಸ್ಪಿಟಬಲ್' ಎಂದು ಮೆಲ್ಲನೆ ಹೇಳಿ, ನಮ್ಮ ಮುಖವನ್ನು ನೋಡಿ, ತಾನೇ ಮೊದಲು ನಕ್ಕಳು.